ಕೊಳವೆಬಾವಿ ನೀರು ಚೆನ್ನಾಗಿದ್ದರೆ ಸೈಟೂ ಚೆನ್ನಾಗಿದೆಯೇ?

ಪತ್ರ: ಪೀಣ್ಯದ ಹತ್ತಿರ 40×60 ಅಡಿ ಸೈಟು ನೋಡಿದ್ದೇವೆ. ಹಿಂದೆ ಅಲ್ಲಿ ಎಲೆಕ್ಟ್ರೋಪ್ಲೇಟಿಂಗ್ (ಲೋಹದ ವಸ್ತುಗಳಿಗೆ ಬೇರೆ ಲೋಹದ ಲೇಪ ಹಾಕುವ) ಶೆಡ್ ಇತ್ತಂತೆ. ಮಾಲೀಕರು ಕೊಳವೆಬಾವಿ ನೀರಿನ ರಿಪೋರ್ಟ್ ಕೊಟ್ಟಿದ್ದಾರೆ. ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣಾಂಶ), ಗಡಸುತನ, ಪಿಎಚ್ ಎಲ್ಲವೂ ಮಿತಿಯೊಳಗಿವೆ. ಮನೆ ಕಟ್ಟಲು ಇಷ್ಟು ಸಾಕೇ?
– ಓದುಗರು, ದಾಸರಹಳ್ಳಿ

ಸಾಲದು. ಪ್ಲೇಟಿಂಗ್ ನಡೆದ ಜಾಗದಲ್ಲಿ ಹುಡುಕಬೇಕಾದದ್ದು ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂನ ಹೆಚ್ಚು ವಿಷಕಾರಿ ರೂಪ), ನಿಕ್ಕಲ್, ಸತು, ಸಯನೈಡ್, ಜೊತೆಗೆ ಲೋಹದ ಜಿಡ್ಡು ತೆಗೆಯಲು ಬಳಸುವ ಟ್ರೈಕ್ಲೋರೋಎಥಿಲೀನ್. ನೀವು ಹೇಳಿದ ರಿಪೋರ್ಟಿನಲ್ಲಿ ಇವು ಒಂದೂ ಇಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು. ಅದರ ಹತ್ತು ಪಟ್ಟು ಇದ್ದರೂ ಟಿಡಿಎಸ್ ಅಂಕಿಯಲ್ಲಿ ಅದು ಗೊತ್ತೇ ಆಗುವುದಿಲ್ಲ.

ಇನ್ನೂ ಮುಖ್ಯವಾದದ್ದು, ಕೊಳವೆಬಾವಿ ನಿಮ್ಮ ಸೈಟಿನ ಪರವಾಗಿ ಸಾಕ್ಷಿ ಹೇಳಲಾರದು. ಕೆಂಪುಮಣ್ಣಿನ ಕೆಳಗಿರುವ ಗಟ್ಟಿ ಕಲ್ಲಿನ ಬಿರುಕುಗಳಲ್ಲಿ ಎಲ್ಲಿಂದಲೋ ಹರಿದು ಬರುವ ನೀರು ಅದು. ನೀರು ಶುದ್ಧವಾಗಿದ್ದೂ ಮೇಲಿನ ಮಣ್ಣು ಕೆಟ್ಟಿರಬಹುದು. ಮಣ್ಣು ಚೆನ್ನಾಗಿದ್ದು ಬೇರೆಲ್ಲಿಯದೋ ಕ್ರೋಮಿಯಂ ನೀರಿಗೆ ಬಂದಿರಲೂಬಹುದು. ಹಾಗಾಗಿ ಮೊದಲು ಮಣ್ಣು ನೋಡಿಸಿ.

ಹಾರೆ ಹಿಡಿಯುವ ಮುನ್ನ ಶೆಡ್ಡಿನ ಒಳವಿನ್ಯಾಸ ತಿಳಿದುಕೊಳ್ಳಿ. ಪ್ಲೇಟಿಂಗ್ ತೊಟ್ಟಿಗಳು, ತೊಳೆದ ನೀರಿನ ಚರಂಡಿ, ಇಂಗುಗುಂಡಿ, ಡ್ರಮ್ ಇಡುತ್ತಿದ್ದ ಮೂಲೆ ಎಲ್ಲೆಲ್ಲಿದ್ದವು? ಮಾಲಿನ್ಯ ನಿಯಂತ್ರಣ ಮಂಡಳಿಯ ಹಳೆಯ ಸಮ್ಮತಿ ಪತ್ರ, ಗೂಗಲ್ ಅರ್ಥ್‌ನ ಹಿಂದಿನ ವರ್ಷಗಳ ಚಿತ್ರ, ಅಲ್ಲಿ ದುಡಿದವರ ಮಾತು, ಇವು ಮೂರೂ ಬೇಕು. ಮಾದರಿ ತೆಗೆಯಬೇಕಾದದ್ದು ಆ ಜಾಗಗಳಲ್ಲೇ. ಹೊಲದ ಮಣ್ಣು ಪರೀಕ್ಷೆಯಲ್ಲಿ ಹತ್ತು ಕಡೆಯ ಮಣ್ಣು ಕಲಸಿ ಅರ್ಧ ಕೆಜಿ ಕಳಿಸುತ್ತಾರಲ್ಲ, ಇಲ್ಲಿ ಆ ಪದ್ಧತಿ ಬೇಡವೇ ಬೇಡ. ಇಂಗುಗುಂಡಿಯ ವಿಷ ಒಂಬತ್ತು ಒಳ್ಳೆಯ ಮಾದರಿಗಳಲ್ಲಿ ಕರಗಿಹೋಗುತ್ತದೆ.

ಪ್ರತಿ ಜಾಗದಲ್ಲೂ ಮೇಲ್ಮಣ್ಣು, ಅರ್ಧ ಮೀಟರ್, ಒಂದು ಮೀಟರ್, ಎರಡು ಮೀಟರ್ ಆಳದ ಮಾದರಿಗಳನ್ನು ಬೇರೆ ಬೇರೆಯಾಗಿಯೇ ಇಡಿ. ಸೈಟು ಎತ್ತರಿಸಲು ಡೆಬ್ರಿ ತುಂಬಿದ್ದರೆ ಅದನ್ನು ದಾಟಿ ಮೂಲ ಮಣ್ಣು ಸಿಗುವವರೆಗೆ ಇಳಿಯಬೇಕು. ಸ್ಟೇನ್‌ಲೆಸ್ ಸ್ಟೀಲಿನಲ್ಲೇ ಕ್ರೋಮಿಯಂ, ನಿಕ್ಕಲ್ ಇರುವುದರಿಂದ ಉಪಕರಣಕ್ಕೆ ತಾಗಿದ ಹೊರ ಪದರ ಕೆರೆದು, ಒಳಗಿನ ಮಣ್ಣನ್ನು ಪ್ಲಾಸ್ಟಿಕ್ ಚಮಚದಲ್ಲಿ ತೆಗೆಯಿರಿ. ಕೆಲಸ ನಡೆದಿರದ ಮೂಲೆಯಿಂದ ಹೋಲಿಕೆಗೆ ಒಂದು ಮಾದರಿ ಇರಲೇಬೇಕು, ಏಕೆಂದರೆ ಮಣ್ಣಿನಲ್ಲಿ ಈ ಲೋಹಗಳು ಸಹಜವಾಗಿಯೂ ಇರುತ್ತವೆ. ಅಂದಾಜಿಗೆ, ವಸತಿ ಜಾಗದ ಮಣ್ಣಿಗೆ ಕೆನಡಾದ ಮಾರ್ಗಸೂಚಿ ಕೆಜಿಗೆ ಒಟ್ಟು ಕ್ರೋಮಿಯಂ 64 ಮಿಲಿಗ್ರಾಂ, ಹೆಕ್ಸಾವೇಲೆಂಟ್ ಬರೀ 0.4. ಎರಡನ್ನೂ ಬೇರೆಬೇರೆಯಾಗಿ ಅಳೆಸಿ.

ನೀರನ್ನೂ ಬಿಡಬೇಡಿ. ಸಂಪು, ಫಿಲ್ಟರ್‌ಗೆ ಹೋಗುವ ಮೊದಲೇ, ಬೋರ್‌ವೆಲ್ ಬಾಯಲ್ಲೇ ಹಿಡಿಯಬೇಕು. ಆರೂವರೆ ಇಂಚಿನ ಬೋರ್‌ನಲ್ಲಿ ಮೀಟರಿಗೆ ಸುಮಾರು 21 ಲೀಟರ್ ನೀರು ನಿಂತಿರುತ್ತದೆ. ನೂರು ಮೀಟರ್ ನೀರಿದ್ದರೆ 2,100 ಲೀಟರ್. ಅದರ ಮೂರು ಪಟ್ಟು ಹೊರಹಾಕಿ, ಪಿಎಚ್ ಮತ್ತು ವಿದ್ಯುತ್ ವಾಹಕತೆ ಸ್ಥಿರವಾದ ಮೇಲೆ ಬಾಟಲಿ ತುಂಬಿ. ಎಡವಟ್ಟಾಗುವುದು ಹೆಚ್ಚಾಗಿ ಬಾಟಲಿಯಲ್ಲೇ. ಒಟ್ಟು ಲೋಹಗಳ ಬಾಟಲಿಗೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ಇಳಿಸುತ್ತಾರೆ. ಅದೇ ಆಮ್ಲ ಹೆಕ್ಸಾವೇಲೆಂಟ್ ಬಾಟಲಿಗೆ ಬಿದ್ದರೆ ಅದು ಟ್ರೈವೇಲೆಂಟ್ (ಕಡಿಮೆ ವಿಷಕಾರಿ ರೂಪ) ಆಗಿ, ರಿಪೋರ್ಟಿನಲ್ಲಿ ಕಡಿಮೆ ತೋರಿಸುತ್ತದೆ. ಆ ಬಾಟಲಿಯ ನೀರನ್ನು 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಆಮ್ಲವಿಲ್ಲದೆ ಐಸ್‌ನಲ್ಲಿಟ್ಟು 24 ಗಂಟೆಯೊಳಗೆ ಪರೀಕ್ಷಿಸಬೇಕು. ಸಯನೈಡ್‌ನ ಬಾಟಲಿಗೆ ಕಾಸ್ಟಿಕ್ ಸೋಡಾ. ಟ್ರೈಕ್ಲೋರೋಎಥಿಲೀನ್‌ಗೆ 40 ಮಿಲಿಲೀಟರಿನ ಗಾಜಿನ ಸೀಸೆ, ಒಳಗೆ ಗಾಳಿಗುಳ್ಳೆ ಒಂದೂ ಇರಬಾರದು.

ಲ್ಯಾಬ್‌ಗೆ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದ್ದರಷ್ಟೇ ಸಾಲದು. ಮಣ್ಣಿನಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಅಳೆಯುವ ಮಾನ್ಯತೆ ಇದೆಯೇ ಎಂದು ಪಟ್ಟಿ ತೆಗೆಸಿ ನೋಡಿ. ‘ಬಿಡಿಎಲ್’ (ಪತ್ತೆಯ ಮಿತಿಗಿಂತ ಕಡಿಮೆ) ಎಂದು ಬರೆದಿದ್ದರೆ ಪತ್ತೆಯ ಮಿತಿ ಎಷ್ಟೆಂದು ಕೇಳಿ. ನೀರಿನಲ್ಲಿ ಆ ಮಿತಿಯೇ ಲೀಟರಿಗೆ 0.1 ಮಿಲಿಗ್ರಾಂ ಆಗಿದ್ದರೆ, 0.05ರ ಪ್ರಶ್ನೆಗೆ ಉತ್ತರ ಸಿಕ್ಕಂತಾಗಲಿಲ್ಲ.

ನೆಲ ಒಡೆದು ಅಗೆಯಲು ಮಾಲೀಕರಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ವರದಿ ಬರುವವರೆಗೆ ಮುಂಗಡ ಕೊಡಬೇಡಿ. ಕೆಟ್ಟ ಮಣ್ಣು ಸಿಕ್ಕರೆ ಅದನ್ನು ಟಿಪ್ಪರ್‌ನಲ್ಲಿ ಖಾಲಿ ಜಾಗಕ್ಕೆ ಸುರಿಯುವಂತಿಲ್ಲ. ಅಪಾಯಕಾರಿ ತ್ಯಾಜ್ಯವೆಂದು ಕಂಡುಬಂದರೆ 2016ರ ನಿಯಮದಂತೆ ಅಧಿಕೃತ ವಿಲೇವಾರಿ ಘಟಕಕ್ಕೇ ಹೋಗಬೇಕು. ಆ ಖರ್ಚು ಯಾರದೆಂಬುದು ಕರಾರಿನಲ್ಲೇ ಬರೆದಿರಲಿ.