ಅಮೆರಿಕದ ಕೆರೆಯ ಐಸು ಕಲ್ಕತ್ತಕ್ಕೆ ಬಂದದ್ದು ನಿಜವಾ?

ಪ್ರಶ್ನೆ: ಸಾರ್, 1830ರ ದಶಕದಲ್ಲಿ ಅಮೆರಿಕದಿಂದ ಭಾರತಕ್ಕೆ ಹಡಗಿನಲ್ಲಿ ಐಸ್ ಬರುತ್ತಿತ್ತು ಅಂತ ಓದಿದೆ. ಫ್ರಿಜ್ ಇಲ್ಲದ ಕಾಲ, ತಿಂಗಳುಗಟ್ಟಲೆ ಪ್ರಯಾಣ. ದಾರಿಯಲ್ಲೇ ಕರಗಿ ನೀರಾಗ್ತಿರಲಿಲ್ವಾ? ನಿಜವೇ ಆಗಿದ್ದರೆ ಅದರ ಗುರುತು ಏನಾದರೂ ಉಳಿದಿದೆಯಾ?
– ಓದುಗರೊಬ್ಬರು, ಹಾಸನ

ಉತ್ತರ: ಪೂರ್ತಿ ನಿಜ. 1833ರ ಮೇ ತಿಂಗಳಲ್ಲಿ 'ಟಸ್ಕನಿ' ಅನ್ನೋ ಹಡಗು 180 ಟನ್ ಐಸ್ ತುಂಬಿಕೊಂಡು ಬಾಸ್ಟನ್ ಬಿಟ್ಟಿತು. ಆಗ ಸೂಯೆಜ್ ಕಾಲುವೆ ಇರಲಿಲ್ಲ. ಆಫ್ರಿಕಾ ಸುತ್ತಿಕೊಂಡು, ಸಮಭಾಜಕ ವೃತ್ತವನ್ನು ಎರಡು ಸಲ ದಾಟಿ ಬರಬೇಕಿತ್ತು. ಸೆಪ್ಟೆಂಬರ್‌ನಲ್ಲಿ ಕಲ್ಕತ್ತ ಮುಟ್ಟಿದಾಗಲೂ ಸುಮಾರು 100 ಟನ್ ಗಟ್ಟಿಯಾಗೇ ಇತ್ತು!

ಕಳಿಸಿದವನು ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್. 1806ರಲ್ಲಿ ಅವನು ಮಾರ್ಟಿನಿಕ್ ದ್ವೀಪಕ್ಕೆ ಮೊದಲ ಸಲ ಐಸ್ ಸಾಗಿಸಲು ಹೊರಟಾಗ ಊರವರು ನಕ್ಕಿದ್ದರು. ಸಾಲ ತೀರಿಸಲಾಗದೆ ಜೈಲಿಗೂ ಹೋಗಿ ಬಂದ, ಆದರೂ ಹಟ ಬಿಡಲಿಲ್ಲ.

ಕರಗದೆ ಉಳಿದದ್ದು ಹೇಗೆ ಅನ್ನೋದೇ ನನಗೆ ತುಂಬಾ ಇಷ್ಟವಾದ ಭಾಗ. ಟ್ಯೂಡರ್ ಜೊತೆಗಿದ್ದ ನೆಥಾನಿಯಲ್ ವೈಯತ್ 1825ರ ಹೊತ್ತಿಗೆ ಕುದುರೆ ಎಳೆಯುವ, ಕಬ್ಬಿಣದ ಹಲ್ಲುಗಳಿರುವ ಒಂದು ಸಲಕರಣೆ ಮಾಡಿದ. ಹೆಪ್ಪುಗಟ್ಟಿದ ಕೆರೆಯ ಮೇಲೆ ಅದನ್ನು ಉದ್ದಕ್ಕೂ ಅಡ್ಡಕ್ಕೂ ಎಳೆದರೆ ಚೌಕ ಚೌಕವಾಗಿ ಗೀರು ಬೀಳುತ್ತಿತ್ತು, ಆಮೇಲೆ ಗರಗಸ, ಹಾರೆ ಹಾಕಿ ಬಿಡಿಸುತ್ತಿದ್ದರು. ಎಲ್ಲಾ ಗಡ್ಡೆಗಳೂ ಒಂದೇ ಅಳತೆ. ಹಾಗಾಗಿ ಹಡಗಿನೊಳಗೆ ಒಂದಕ್ಕೊಂದು ಒತ್ತಿಕೊಂಡು ಕೂರುತ್ತಿದ್ದವು, ನಡುವೆ ಗಾಳಿ ಆಡಲು ಜಾಗ ಇರುತ್ತಿರಲಿಲ್ಲ. ಸುತ್ತಲೂ ದಪ್ಪಗೆ ಮರದ ಹೊಟ್ಟು. ನಮ್ಮ ಜಾತ್ರೆಗಳಲ್ಲಿ ಐಸ್ ಗಡ್ಡೆಯನ್ನು ಹೊಟ್ಟಿನಲ್ಲಿ ಹುದುಗಿಸಿ ಗೋಣಿಚೀಲ ಹೊದಿಸುತ್ತಿದ್ದರಲ್ಲ, ಅದೇ ಉಪಾಯ. ಇನ್ನೊಂದು ವಿಷಯ, ಐಸ್ ಕರಗೋದಕ್ಕೆ ವಿಪರೀತ ಶಾಖ ಬೇಕು. ಒಂದು ಕಿಲೋ ಐಸ್ ಕರಗಿಸುವ ಶಾಖದಲ್ಲಿ ಅಷ್ಟೇ ತೂಕದ ನೀರನ್ನು 0ಯಿಂದ 80 ಡಿಗ್ರಿವರೆಗೆ ಕಾಯಿಸಬಹುದು. ರಾಶಿ ದೊಡ್ಡದಾದಷ್ಟೂ ಶಾಖ ಒಳಗೆ ಹೋಗೋದು ನಿಧಾನ. ಹೊರಗಿನ ಪದರ ಕರಗಿ ಹೋಗುತ್ತಾ ಒಳಗಿನದನ್ನು ಕಾಯುತ್ತಿತ್ತು.

ಕಲ್ಕತ್ತದಲ್ಲಿ ಐಸ್ ಹೊಸದೇನೂ ಅಲ್ಲ. ಹೂಗ್ಲಿ ಕಡೆ ಚಳಿಗಾಲದ ರಾತ್ರಿ ಗುಂಡಿಗಳಲ್ಲಿ ಹುಲ್ಲು ಹಾಸಿ, ಅಗಲವಾದ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು, ಬೆಳಗಾಗುವ ಮುಂಚೆ ತೆಳ್ಳಗೆ ಕಟ್ಟಿದ ಐಸನ್ನು ಕೆರೆದು ತೆಗೆಯುತ್ತಿದ್ದರು. ನನ್ನ ಪ್ರಕಾರ ಅದು ಟ್ಯೂಡರ್ ಸಾಹಸಕ್ಕಿಂತ ಕಡಿಮೆ ಜಾಣ್ಮೆಯದ್ದಲ್ಲ. ಆದರೆ ಆ ಐಸಿನಲ್ಲಿ ಕೊಳೆ ಜಾಸ್ತಿ. ಗಾಜಿನಂಥ ಅಮೆರಿಕದ ಗಡ್ಡೆ ನೋಡಿ ಅಲ್ಲಿನ ಇಂಗ್ಲಿಷರು ಮರುಳಾದರು. ಸುಂಕ ಮನ್ನಾ ಆಯಿತು. ಗವರ್ನರ್ ಜನರಲ್ ಬೆಂಟಿಂಕ್ ಐಸ್ ತಂದ ಏಜೆಂಟನಿಗೆ ಬೆಳ್ಳಿಯ ಬಟ್ಟಲನ್ನೇ ಕೊಟ್ಟರು. ಬಡವರಿಗೆ ಮಾತ್ರ ಇದು ಎಟುಕುವ ಸರಕಾಗಿರಲಿಲ್ಲ, ಅದನ್ನೂ ಹೇಳಬೇಕು.

ಮುಂದೆ ಬೊಂಬಾಯಿ, ಮದ್ರಾಸಿಗೂ ಐಸ್ ಬಂತು. 1870ರ ದಶಕದಲ್ಲಿ ಇಲ್ಲೇ ಯಂತ್ರದಿಂದ ಐಸ್ ತಯಾರಾಗತೊಡಗಿತು, ಈ ವ್ಯಾಪಾರ ನಿಂತೇ ಹೋಯಿತು.

ಗುರುತು ಕೇಳಿದಿರಲ್ಲ? ಬಂದ ಐಸನ್ನು ಕೂಡಿಡಲು ಕಟ್ಟಿದ್ದ ಕಲ್ಕತ್ತ, ಬೊಂಬಾಯಿಯ ಐಸ್ ಹೌಸ್‌ಗಳು ಈಗಿಲ್ಲ. ಮದ್ರಾಸಿನದು ಇದೆ. 1842ರಲ್ಲಿ ಕಟ್ಟಿದ್ದು. ವ್ಯಾಪಾರ ಮುಗಿದ ಮೇಲೆ ವಕೀಲರೊಬ್ಬರು ಕೊಂಡು ಮನೆ ಮಾಡಿಕೊಂಡರು. 1897ರಲ್ಲಿ ವಿದೇಶದಿಂದ ಮರಳಿದ ಸ್ವಾಮಿ ವಿವೇಕಾನಂದರು ತಂಗಿದ್ದು ಅಲ್ಲೇ, ಅದಕ್ಕೇ ಈಗ 'ವಿವೇಕಾನಂದರ್ ಇಲ್ಲಂ' ಅಂತ ಹೆಸರು. ಚೆನ್ನೈಗೆ ಹೋದಾಗ ಮರೀನಾ ಬೀಚ್ ಎದುರಿಗೇ ಸಿಗುತ್ತೆ, ಆಟೋದವರಿಗೆ 'ಐಸ್ ಹೌಸ್' ಅಂದರೂ ಸಾಕು.