ರಿಯಾಕ್ಟರ್ ಆರ್ಡರ್‌ಗೆ ಅವಸರವೇಕೆ?

ಪ್ರಶ್ನೆ: ಮುಂಬೈ ಬಳಿಯ ತಳೋಜದ ಒಂದು ಔಷಧ ರಾಸಾಯನಿಕ ಕಾರ್ಖಾನೆಯಲ್ಲಿ ಪ್ರೋಸೆಸ್ ಎಂಜಿನಿಯರ್ ಆಗಿದ್ದೇನೆ. ಲ್ಯಾಬಿನಲ್ಲಿ ರೂಟ್ (ಯಾವ ರಾಸಾಯನಿಕ ಹಂತಗಳಲ್ಲಿ ತಯಾರಿಸುವುದು ಎಂಬ ದಾರಿ) ಇನ್ನೂ ಪಕ್ಕಾ ಆಗಿಲ್ಲ. ಆಗಲೇ ‘ಕನ್‌ಕರೆಂಟ್ ಎಂಜಿನಿಯರಿಂಗ್’ ಅಂತ ಹೇಳಿ, ರಾಸಾಯನಿಕ ಕ್ರಿಯೆ ನಡೆಯುವ ಪಾತ್ರೆಯಾದ ರಿಯಾಕ್ಟರ್‌ಗೆ ಆರ್ಡರ್ ಕೊಡಿ ಎನ್ನುತ್ತಿದ್ದಾರೆ. ಇದು ಕಾರು ತಯಾರಿಸುವವರ ಪದ್ಧತಿಯಲ್ಲವೆ? ನಮಗೂ ಒಗ್ಗುತ್ತದೆಯೆ?
– ಓದುಗ, ಡೊಂಬಿವಲಿ

ಉತ್ತರ: ಒಗ್ಗುತ್ತದೆ. ಆದರೆ ನಿಮ್ಮ ಸಾಹೇಬರು ತಿಳಿದುಕೊಂಡ ಹಾಗಲ್ಲ. ಈ ಹೆಸರು ಚಾಲ್ತಿಗೆ ಬಂದದ್ದು 1988ರಲ್ಲಿ, ಅಮೆರಿಕದ ‘ಇನ್‌ಸ್ಟಿಟ್ಯೂಟ್ ಫಾರ್ ಡಿಫೆನ್ಸ್ ಅನಾಲಿಸೀಸ್’ ವರದಿಯಿಂದ. ವಸ್ತುವನ್ನೂ ಅದನ್ನು ತಯಾರಿಸುವ ಬಗೆಯನ್ನೂ ಒಟ್ಟಿಗೇ ಯೋಚಿಸಿ ಎಂದು ಅದರ ಮಾತು. ಖರೀದಿಗೆ ಓಡಿ ಎಂದಲ್ಲ.

ನಾನು ಅಂಬರನಾಥದಲ್ಲಿದ್ದಾಗ ಲ್ಯಾಬಿನವರು ಒಂದು ಬಿಳಿ ಪುಡಿ ಮಾಡಿಕೊಟ್ಟರು. ಬುಕ್ನರ್ ಫನೆಲ್‌ನಲ್ಲಿ ಹತ್ತು ನಿಮಿಷಕ್ಕೆ ಸೋಸಿ ಮುಗಿಯುತ್ತಿತ್ತು. ಪ್ಲಾಂಟಿನಲ್ಲಿ ಗಿರಗಿರ ತಿರುಗಿಸಿ ನೀರು ಹಿಂಡುವ ಸೆಂಟ್ರಿಫ್ಯೂಜಿಗೆ ಹಾಕಿದರೆ ರಾತ್ರಿ ಪಾಳಿ ಪೂರ್ತಿ ತಿರುಗಿಸಿದರೂ ಒದ್ದೆ ಹಿಟ್ಟು. ಕಲಬುರಗಿ ಕಡೆಯ ಆಪರೇಟರ್ ಒಬ್ಬ ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿ ನೋಡಿ, “ಸಾಹೇಬ್ರ, ಇದು ಬಟ್ಟೀಗಿ ಅಂಟ್ಕೊಂಡ್ ಕುಂದರ್ತದ, ನೀರ್ ಬಿಡಂಗಿಲ್ಲ ನೋಡ್ರಿ” ಅಂದ. ಹೌದು, ಗಡಿಬಿಡಿಯಲ್ಲಿ ತಣಿಸಿದ್ದರಿಂದ ಹರಳೆಲ್ಲ ಸಣ್ಣ ಸೂಜಿಯಂತಾಗಿದ್ದವು. ನಿಧಾನ ತಣಿಸಿ, ಸ್ವಲ್ಪ ಬೀಜದ ಹರಳು ಹಾಕಿದ ಮೇಲೆ ದಪ್ಪವಾದವು. ಲ್ಯಾಬಿನಲ್ಲಿ ಒಂದು ವಾರದ ಕೆಲಸ! ಆದರೆ ಅಷ್ಟರಲ್ಲಿ ಸೆಂಟ್ರಿಫ್ಯೂಜಿನ ದುಡ್ಡು ಹೋಗಿತ್ತು. ಆ ಮನುಷ್ಯನನ್ನು ಫ್ಲಾಸ್ಕಿನ ಹಂತದಲ್ಲೇ ಕರೆದು ಕೂರಿಸಿದ್ದರೆ, ಅದೇ ನಮ್ಮ ಕನ್‌ಕರೆಂಟ್ ಎಂಜಿನಿಯರಿಂಗ್ ಆಗುತ್ತಿತ್ತು.

ಕಾರಿನ ಬ್ರಾಕೆಟ್ ಸರಿಹೋಗದಿದ್ದರೆ ಬದಲಿಸಬಹುದು. ನಮ್ಮಲ್ಲಿ ರಸಾಯನವೇ ಪಾತ್ರೆಯನ್ನು ಆರಿಸುತ್ತದೆ. ನಿಮ್ಮ ರೂಟಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಬಂದರೆ ಸ್ಟೇನ್‌ಲೆಸ್ ಸ್ಟೀಲ್ ತಿಂದು ಹಾಕುತ್ತದೆ, ಒಳಗೋಡೆಗೆ ಗಾಜು ಲೇಪಿಸಿದ ಗ್ಲಾಸ್‌ಲೈನ್ಡ್ ಬೇಕು. ಶಾಖದ ಲೆಕ್ಕವೂ ಹಾಗೇ, ಅದು ಹೊರಹೋಗುವುದು ಪಾತ್ರೆಯ ಗೋಡೆಯ ಮೂಲಕ. ಒಂದು ಲೀಟರಿನ ಫ್ಲಾಸ್ಕಿನ ಆಕಾರವನ್ನೇ ಸಾವಿರ ಲೀಟರಿಗೆ ಹಿಗ್ಗಿಸಿದರೆ ಉದ್ದಗಲ ಹತ್ತು ಪಟ್ಟು, ಗೋಡೆಯ ವಿಸ್ತೀರ್ಣ ನೂರು ಪಟ್ಟು, ಒಳಗಿನ ಸರಕು ಸಾವಿರ ಪಟ್ಟು. ಲೀಟರಿಗೆ ಸಿಗುವ ಗೋಡೆ ಹತ್ತರಲ್ಲಿ ಒಂದು ಭಾಗ. ಫ್ಲಾಸ್ಕಿನಲ್ಲಿ ತಣ್ಣಗಿದ್ದದ್ದು ಅಲ್ಲಿ ಕುದಿದೇಳಬಹುದು. ಕ್ರಿಯೆಯ ಶಾಖ ಅಳೆಯುವ ಕ್ಯಾಲರಿಮೀಟರ್ ಅಂಕಿ ಕೈಗೆ ಬರದೆ, ಪಾತ್ರೆಯನ್ನು ತಣಿಸುವ ಜಾಕೆಟ್ಟು, ಒತ್ತಡ ಹೊರಬಿಡುವ ರಿಲೀಫ್ ವೆಂಟು ಗಟ್ಟಿ ಮಾಡಬೇಡಿ.

ಬಾಯ್ಲರ್, ಕೂಲಿಂಗ್ ಟವರ್, ಅಡಿಪಾಯ, ಕೇಬಲ್ ಟ್ರೇ ಇವೆಲ್ಲ ಬೇಕಾದರೆ ಈಗಲೇ ಶುರುಮಾಡಿ, ಅವಕ್ಕೆ ರೂಟ್ ತೀರಾ ಗೊತ್ತಿರಬೇಕಿಲ್ಲ. ಹ್ಯಾಝಾಪ್ (ಎಲ್ಲಿ ಏನು ಅಪಾಯವಾದೀತು ಎಂದು ಒಂದೊಂದಾಗಿ ಹುಡುಕುವ ಪರಿಶೀಲನೆ) ಕೂಡ ಡ್ರಾಯಿಂಗ್ ಮುಗಿದ ಮೇಲೆ ಒಂದೇ ಸಲ ಮಾಡುವ ಪೂಜೆಯಲ್ಲ. ಬ್ಲಾಕ್ ಡಯಾಗ್ರಂ ಇರುವಾಗಲೇ ಒಂದು ಸುತ್ತು ಮಾಡಿ, ಆಮೇಲೆ ಇನ್ನೊಂದು. ಮುಂದಿನ ಮೀಟಿಂಗಿಗೆ ಮೇಂಟೆನೆನ್ಸ್ ಫಿಟ್ಟರನ್ನೂ ಪಾಳಿಯ ಆಪರೇಟರನ್ನೂ ಕರೆಯಿರಿ. ಮರಾಠಿಯಲ್ಲೋ ಕನ್ನಡದಲ್ಲೋ ಮಾತಾಡಲಿ, ಪ್ರೆಸೆಂಟೇಶನ್ ಇಂಗ್ಲಿಷಿನಲ್ಲಿದ್ದರೆ ಅವರು ಬಾಯೇ ಬಿಡುವುದಿಲ್ಲ.