ಲಂಡನ್ ಪೇಟೆಂಟ್ ಭಾರತದಲ್ಲಿ ನಡೀತಿತ್ತಾ?

1860ರಲ್ಲಿ ಲಂಡನ್‌ನಲ್ಲಿ ಪೇಟೆಂಟ್ ಪಡೆದವರಿಗೆ ಭಾರತದಲ್ಲೂ ತಾನಾಗಿಯೇ ರಕ್ಷಣೆ ಸಿಗ್ತಿತ್ತಾ ಅಂತ ಕೇಳಿದ್ದೀರಿ. ಇಲ್ಲ, ಸಿಗುತ್ತಿರಲಿಲ್ಲ. 1852ರ ಬ್ರಿಟಿಷ್ ಕಾಯ್ದೆ ಬಂದ ಮೇಲೆ ಅಲ್ಲಿನ ಪೇಟೆಂಟ್ ವಸಾಹತುಗಳಿಗೆ ಅನ್ವಯಿಸುತ್ತಿರಲಿಲ್ಲ. ಪ್ರತಿ ವಸಾಹತಿನಲ್ಲೂ ಬೇರೆಯಾಗಿ ಅರ್ಜಿ ಹಾಕಬೇಕಿತ್ತು. ಖರ್ಚು, ಓಡಾಟ ಎಲ್ಲ ಜಾಸ್ತಿ. ಸಣ್ಣ ಸಂಶೋಧಕರಿಗೆ ಇದು ನಿಜಕ್ಕೂ ಅನ್ಯಾಯ ಅಂತ ನನಗನಿಸುತ್ತದೆ.

ಭಾರತದಲ್ಲಿ ಮೊದಲ ಪೇಟೆಂಟ್ ಕಾಯ್ದೆ ಬಂದಿದ್ದು 1856ರಲ್ಲಿ. ಆ ವರ್ಷವೇ ಕಲ್ಕತ್ತಾದ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್ ಪಂಖಾ (ಚಾವಣಿಗೆ ತೂಗುಹಾಕಿ ಹಗ್ಗದಿಂದ ಎಳೆಯುವ ದೊಡ್ಡ ಬೀಸಣಿಗೆ) ಎಳೆಯುವ ಯಂತ್ರಕ್ಕೆ ಅರ್ಜಿ ಹಾಕಿದರು. ಆಗ ಪಂಖಾ ಎಳೆಯಲು ಆಳುಗಳೇ ಬೇಕಿತ್ತು, ಅಲ್ವಾ? ಆದರೆ ಬ್ರಿಟನ್ ರಾಣಿಯ ಒಪ್ಪಿಗೆ ಪಡೆಯದೆ ಮಾಡಿದ ಕಾಯ್ದೆ ಅಂತ 1857ರಲ್ಲಿ ಅದನ್ನೇ ರದ್ದು ಮಾಡಿದರು. ಮತ್ತೆ ಬಂದಿದ್ದು 1859ರಲ್ಲಿ. ರಕ್ಷಣೆ 14 ವರ್ಷ. ಹೊರಗಿನಿಂದ ಯಂತ್ರ ತರಿಸಿಕೊಂಡವರನ್ನು ಸಂಶೋಧಕರೆಂದು ಅದು ಒಪ್ಪಲಿಲ್ಲ.